ಒಂದೇ ಬ್ಯಾಂಡ್, ಮೂರು ಜಾಗ: ಟವರ್ ಆಫ್ ಪವರ್ ಅನ್ನು ಎಲ್ಲಿ ಕೇಳಬೇಕು?

ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಟವರ್ ಆಫ್ ಪವರ್ ಬ್ಯಾಂಡನ್ನು ನಾನು ಮೂರು ಸಲ ಎದುರಿಗಿದ್ದು ಕೇಳಿದ್ದೇನೆ. ಒಮ್ಮೆ ಫಾಕ್ಸ್ ಥಿಯೇಟರಿನಲ್ಲಿ, ಒಮ್ಮೆ ಯೋಶೀಸ್ ಕ್ಲಬ್ಬಿನಲ್ಲಿ, ಒಮ್ಮೆ ಬಯಲಿನಲ್ಲಿ ನಡೆದ ಒಂದು ಕೌಂಟಿ ಜಾತ್ರೆಯಲ್ಲಿ. ನುಡಿಸಿದವರು ಹೆಚ್ಚು ಕಡಿಮೆ ಅವರೇ, ಹಾಡುಗಳೂ ಬಹುಪಾಲು ಅವೇ. ಆದರೂ ಕಿವಿಗೆ ಬಿದ್ದದ್ದು ಮೂರು ಬೇರೆ ಬೇರೆ ಬ್ಯಾಂಡುಗಳೇನೋ ಎನ್ನುವಷ್ಟು ವ್ಯತ್ಯಾಸ. ಓಕ್ಲೆಂಡ್ ಸುತ್ತಲಿನ ಬೇ ಏರಿಯಾಕ್ಕೆ ಹೊಸದಾಗಿ ಬಂದ ಗೆಳೆಯರು ಫಂಕ್, ಅಂದರೆ ಲಯವೇ ಮುಖ್ಯವಾದ ಕುಣಿತದ ಸಂಗೀತ, ಕೇಳುವ ಆಸೆ ಹೇಳಿಕೊಂಡಾಗಲೆಲ್ಲ ನಾನು ಈ ಬ್ಯಾಂಡಿನ ಹೆಸರು ಹೇಳುತ್ತೇನೆ, ಜೊತೆಗೆ ಜಾಗದ ಹೆಸರನ್ನೂ ಹೇಳಿಯೇ ಕಳಿಸುತ್ತೇನೆ.

ಬ್ಯಾಂಡಿನ ವಿಷಯ ಮೊದಲು. ಎಮಿಲಿಯೊ ಕಾಸ್ಟಿಯೊ ಮತ್ತು ಎಲ್ಲರೂ ‘ಡಾಕ್’ ಎಂದು ಕರೆಯುವ ಸ್ಟೀಫನ್ ಕುಪ್ಕಾ ಸೇರಿ 1968ರಲ್ಲಿ ಕಟ್ಟಿದ ತಂಡ ಇದು. ಕುಪ್ಕಾ ಮೊದಲ ಸಲ ಕಾಸ್ಟಿಯೊ ಮನೆಗೆ ಬಂದು ನುಡಿಸಿದಾಗ ಒಳಗೆ ಕುಳಿತು ಕೇಳಿದ ಕಾಸ್ಟಿಯೊ ತಂದೆ ಮಗನನ್ನು ಅಡುಗೆಮನೆಗೆ ಕರೆದು, ಇವನನ್ನು ಬಿಡಬೇಡ, ಸೇರಿಸಿಕೋ ಎಂದರಂತೆ. ಕಾಸ್ಟಿಯೊ ಇದನ್ನು ಹಲವು ಬಾರಿ ಹೇಳಿಕೊಂಡಿದ್ದಾರೆ. ಆ ತಂದೆಯ ಕಿವಿಗೆ ನನ್ನ ನಮಸ್ಕಾರ. ಕುಪ್ಕಾ ಅವರ ತಗ್ಗು ದನಿಯ ಬ್ಯಾರಿಟೋನ್ ಸ್ಯಾಕ್ಸೊಫೋನ್ ಇಲ್ಲದಿದ್ದರೆ ಈ ಬ್ಯಾಂಡಿಗೆ ಈ ಬನಿ ಬರುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಐದು ಹಾರ್ನ್‌ಗಳು, ಅಂದರೆ ಊದುವ ವಾದ್ಯಗಳು: ಎರಡು ಟ್ರಂಪೆಟ್, ಎರಡು ಟೆನರ್ ಸ್ಯಾಕ್ಸೊಫೋನ್, ಅಡಿಪಾಯದಂತೆ ಒಂದು ಬ್ಯಾರಿಟೋನ್. ಹಿಂದೆ ಡ್ರಮ್ಸ್, ಬಾಸ್, ಗಿಟಾರ್, ಆರ್ಗನ್. ಒಬ್ಬ ಗಾಯಕ. ಒಟ್ಟು ಹತ್ತು ಜನ.

ಈ ಸಂಗೀತದ ಜೀವ ಇರುವುದು ಲಯದಲ್ಲಿ. ಫಂಕ್‌ಗೆ ದಾರಿ ಹಾಕಿದ ಗಾಯಕ ಜೇಮ್ಸ್ ಬ್ರೌನ್ ಎಲ್ಲ ಭಾರವನ್ನೂ ಮೊದಲ ಎಣಿಕೆಯ ಮೇಲೆ ಹಾಕಿದರು. ಅದನ್ನು ಅವರು ‘ದಿ ಒನ್’ ಎನ್ನುತ್ತಿದ್ದರು, ನಮ್ಮ ಭಾಷೆಯಲ್ಲಿ ಸಮ. ಟವರ್ ಆಫ್ ಪವರ್‌ನವರು ಅದೇ ಸಮವನ್ನು ಬಚ್ಚಿಡುತ್ತಾರೆ. ನಾನು ಕೇಳಿದಾಗ ಡ್ರಮ್ಮರ್ ಆಗಿದ್ದ ಡೇವಿಡ್ ಗ್ಯಾರಿಬಾಲ್ಡಿ ಸ್ನೇರಿನ, ಅಂದರೆ ಚುರುಕು ಸದ್ದಿನ ಚಿಕ್ಕ ಡ್ರಮ್ಮಿನ, ಪೆಟ್ಟನ್ನು ನಾವು ಕಾಯುವ ಜಾಗದಿಂದ ಒಂದು ಅಕ್ಷರ (ಎಣಿಕೆಯ ಕಾಲುಭಾಗ) ಆಚೆಗೋ ಈಚೆಗೋ ಸರಿಸುತ್ತಿದ್ದರು. ಎರಡು ಪೆಟ್ಟುಗಳ ನಡುವಿನ ಸಂದುಗಳಲ್ಲಿ ಎಡಗೈಯಿಂದ ಸಣ್ಣ ಸಣ್ಣ ತಟ್ಟುಗಳನ್ನು ತುಂಬುತ್ತಿದ್ದರು, ಡ್ರಮ್ಮರುಗಳು ಇವನ್ನು ಘೋಸ್ಟ್ ನೋಟ್ ಎನ್ನುತ್ತಾರೆ. ಬಾಸ್‌ನಲ್ಲಿ ಈ ಶೈಲಿಯನ್ನು ರೂಪಿಸಿದವರು 2020ರಲ್ಲಿ ತೀರಿಕೊಂಡ ರಾಕೊ ಪ್ರೆಸ್ಟಿಯಾ. ಎಡಗೈ ಬೆರಳುಗಳಿಂದ ತಂತಿಯನ್ನು ಅರೆಬರೆ ಅದುಮಿ, ಸ್ವರಕ್ಕಿಂತ ಹೆಚ್ಚಾಗಿ ‘ಟುಕು ಟುಕು’ ಎನ್ನುವ ಸದ್ದನ್ನೇ ನಾಲ್ಕು ನಾಲ್ಕಾಗಿ ಓಡಿಸುವ ರೀತಿ ಅದು. ಆದ್ದರಿಂದ ಜಾಗವನ್ನು ತೂಗುವಾಗ ನನ್ನ ತಕ್ಕಡಿಯಲ್ಲಿ ಇರುವುದು ಒಂದೇ ಪ್ರಶ್ನೆ: ಈ ಸಣ್ಣ ತಟ್ಟುಗಳು ಕೇಳಿಸುತ್ತವೆಯೇ?

ಮೊದಲು ಹೋದದ್ದು ಫಾಕ್ಸ್ ಥಿಯೇಟರಿಗೆ, 2018ರ ಜೂನ್‌ನಲ್ಲಿ, ಬ್ಯಾಂಡಿನ ಐವತ್ತನೆಯ ವರ್ಷದ ಸಂಭ್ರಮಕ್ಕೆ. 1928ರಲ್ಲಿ ಸಿನಿಮಾ ಮಂದಿರವಾಗಿ ಶುರುವಾಗಿ, ದಶಕಗಳ ಕಾಲ ಬೀಗ ಹಾಕಿಸಿಕೊಂಡು, 2009ರಲ್ಲಿ ಮತ್ತೆ ತೆರೆದ ಕಟ್ಟಡ. ವೇದಿಕೆಯ ಎಡಬಲಕ್ಕೆ ಕುಳಿತಿರುವ ಭಾರಿ ಹೊನ್ನಬಣ್ಣದ ಮೂರ್ತಿಗಳು, ಮೇಲೆ ಕೆತ್ತನೆಯ ಛಾವಣಿ. ಒಳಗೆ ಕಾಲಿಟ್ಟ ಕೂಡಲೇ ಹೆಂಡತಿ ನನ್ನ ತೋಳು ಹಿಡಿದು ನಿಲ್ಲಿಸಿ ಐದು ನಿಮಿಷ ಬರಿದೇ ನೋಡಿದಳು. ಹಳೆಯ ಸದಸ್ಯರು ಬಂದು ಕೂಡಿಕೊಂಡಿದ್ದರು, ಹೆಚ್ಚುವರಿ ಹಾರ್ನ್‌ಗಳು, ಪಿಟೀಲುಗಳು ಇದ್ದವು. ಸುಮಾರು 2,800 ಜನ ಹಿಡಿಯುವ ಜಾಗ, ಬಹುಪಾಲು ಊರಿನವರೇ. ಐವತ್ತು ವರ್ಷದಿಂದ ಇವರನ್ನು ಕೇಳುತ್ತ ಬಂದ ನರೆಗೂದಲಿನ ಹೆಂಗಸರು ಪಕ್ಕದಲ್ಲಿ ನಿಂತು 1972ರ ‘ಯೂ ಆರ್ ಸ್ಟಿಲ್ ಎ ಯಂಗ್ ಮ್ಯಾನ್’ ಹಾಡಿನ ಪ್ರತಿ ಸಾಲನ್ನೂ ಹಾಡಿದರು. ಆ ಹಾಡಿನ ಆರಂಭದ ಟ್ರಂಪೆಟ್ ಅಷ್ಟು ಎತ್ತರದ ಛಾವಣಿಯ ಕೆಳಗೆ ಬಿಚ್ಚಿಕೊಂಡ ಪರಿ ಇನ್ನೆಲ್ಲೂ ಸಿಗಲಾರದು. ನಿಧಾನದ ಹಾಡುಗಳಿಗೆ ಫಾಕ್ಸ್‌ಗೆ ಸಮನಾದದ್ದಿಲ್ಲ.

ವೇಗದ ಹಾಡುಗಳಿಗೆ ಅದೇ ಛಾವಣಿ ಅಡ್ಡಿ. ದೊಡ್ಡ ಸಭಾಂಗಣದಲ್ಲಿ ಪ್ರತಿ ಪೆಟ್ಟಿಗೂ ಒಂದು ಬಾಲ ಇರುತ್ತದೆ, ಹಿಂದಿನ ಪೆಟ್ಟಿನ ಬಾಲ ಮುಂದಿನದರ ತಲೆಯನ್ನು ಮುಚ್ಚುತ್ತದೆ. ‘ವಾಟ್ ಈಸ್ ಹಿಪ್’ ಶುರುವಾದಾಗ ಜನರೆಲ್ಲ ಕುಣಿದರು, ನಾನೂ ಕುಣಿದೆ. ಆದರೆ ಗ್ಯಾರಿಬಾಲ್ಡಿಯವರ ಎಡಗೈ ಏನು ಮಾಡುತ್ತಿದೆ ಎನ್ನುವುದು ಕಣ್ಣಿಗೆ ಕಂಡಷ್ಟು ಕಿವಿಗೆ ಬೀಳಲಿಲ್ಲ. ದೊಡ್ಡ ಪೆಟ್ಟುಗಳು ಬಂದವು, ನಡುವಿನ ಹೂರಣ ಬರಲಿಲ್ಲ.

ಅದಾದ ಮೇಲೆ ಅಪ್ಪ ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದರು. ಅವರು ಊರಿನ ಭಜನಾ ಮಂಡಳಿಗೆ ನಲವತ್ತು ವರ್ಷ ಮೃದಂಗ ನುಡಿಸಿದವರು, ರಾಮೋತ್ಸವದಲ್ಲಿ ಹರಿಕಥೆಗೂ ಕೂರುತ್ತಿದ್ದರು. ಸ್ಯಾಕ್ಸೊಫೋನ್ ಎಂದರೆ ಅವರಿಗೆ ಕದ್ರಿ ಗೋಪಾಲನಾಥ್. ‘ಅದೇ ವಾದ್ಯ, ಆದರೆ ಅಜ್ಜನ ಗಂಟಲಿನದು’ ಎಂದು ಹೇಳಿ ಅವರನ್ನು ಯೋಶೀಸ್‌ಗೆ ಕರೆದುಕೊಂಡು ಹೋದೆ.

ಯೋಶೀಸ್ 1997ರಿಂದ ಓಕ್ಲೆಂಡಿನ ಜಾಕ್ ಲಂಡನ್ ಸ್ಕ್ವೇರಿನಲ್ಲಿದೆ. ಒಂದು ಕಡೆ ಜಪಾನಿ ಊಟದ ಹೋಟೆಲು, ಇನ್ನೊಂದು ಕಡೆ ಸುಮಾರು ಮುನ್ನೂರು ಜನ ಕೂರುವ ಸಂಗೀತದ ಕೋಣೆ. ಪಕ್ಕದ ರಸ್ತೆಯ ನಟ್ಟನಡುವೆ ರೈಲು ಹಳಿ, ಸರಕಿನ ಗಾಡಿಗಳೂ ಪ್ರಯಾಣಿಕರ ಗಾಡಿಗಳೂ ಕಾರುಗಳ ಮಗ್ಗುಲಲ್ಲೇ ಕೂಗುತ್ತ ಹೋಗುತ್ತವೆ. 2017ರ ಜನವರಿಯಲ್ಲಿ ಇದೇ ಕ್ಲಬ್ಬಿನಲ್ಲಿ ನುಡಿಸಲು ಬರುತ್ತಿದ್ದ ಗ್ಯಾರಿಬಾಲ್ಡಿ ಮತ್ತು ಬಾಸ್ ನುಡಿಸುತ್ತಿದ್ದ ಮಾರ್ಕ್ ವಾನ್ ವಾಗೆನಿಂಗೆನ್ ಅವರಿಗೆ ರೈಲು ಬಡಿಯಿತು. ಇಬ್ಬರೂ ಬದುಕಿದರು, ಮುಂದೆ ಮತ್ತೆ ವೇದಿಕೆಗೂ ಬಂದರು. ಹಳಿ ದಾಟಲು ಕಾಯುತ್ತಿದ್ದಾಗ ಅಪ್ಪನಿಗೆ ಇದನ್ನು ಹೇಳಿದೆ. ಅವರು ಹಳಿಯನ್ನೇ ನೋಡುತ್ತ, ‘ಅವರೇ ನುಡಿಸುವುದೇ ಇವತ್ತು?’ ಎಂದು ಕೇಳಿದರು. ಹೌದೆಂದೆ. ಆಮೇಲೆ ಅವರು ಮಾತಾಡಲಿಲ್ಲ.

ನಮ್ಮ ಮೇಜಿನಿಂದ ವೇದಿಕೆಗೆ ನಾಲ್ಕೈದು ಮೀಟರ್. ಅಷ್ಟು ಹತ್ತಿರದಲ್ಲಿ ಬ್ಯಾಂಡು ಸ್ಪೀಕರಿನಿಂದ ಮಾತ್ರ ಬರುವುದಿಲ್ಲ, ವಾದ್ಯಗಳಿಂದಲೇ ನೇರ ಬರುತ್ತದೆ. ಬ್ಯಾರಿಟೋನಿನ ಕೀಲಿಗಳು ಮುಚ್ಚಿ ತೆರೆಯುವ ಚಟಪಟ ಸದ್ದು ಕೇಳಿಸಿತು. ಹಾರ್ನ್‌ಗಳು ಎತ್ತಿಕೊಳ್ಳುವ ಮುನ್ನ ಐದು ಜನರ ಭುಜಗಳು ಒಟ್ಟಿಗೆ ಮೇಲೇಳುತ್ತಿದ್ದವು, ಒಟ್ಟಿಗೆ ಒಂದು ಉಸಿರು, ತಕ್ಷಣ ಕತ್ತರಿಸಿದಂತೆ ಒಂದು ‘ಪಾ’. ಅದು ಎಲ್ಲಿ ಶುರುವಾಯಿತೋ ಅಷ್ಟೇ ಖಚಿತವಾಗಿ ನಿಂತೂ ಹೋಗುತ್ತಿತ್ತು. ಐವರಲ್ಲಿ ಒಬ್ಬರ ಬಾಲವೂ ಉಳಿಯುತ್ತಿರಲಿಲ್ಲ.

ಅಪ್ಪ ಮೊದಲ ಹಾಡಿಗೇ ತೊಡೆಯ ಮೇಲೆ ಆದಿತಾಳ ಹಾಕಲು ಶುರು ಮಾಡಿದ್ದರು. ಇವರ ಎರಡು ಬಾರ್ (ನಾಲ್ಕು ಎಣಿಕೆಯ ಸುತ್ತು) ಸೇರಿದರೆ ನಮ್ಮ ಎಂಟು ಎಣಿಕೆ, ಎಣಿಕೆಗೆ ನಾಲ್ಕು ಅಕ್ಷರ, ಚತುರಶ್ರ ನಡೆ, ಒಟ್ಟು 32. ಲೆಕ್ಕ ಸರಿಯಾಗಿ ಕೂರುತ್ತದೆ. ಮೂರನೆಯ ಹಾಡಿನಲ್ಲಿ ಅವರ ಕೈ ನಿಂತಿತು. ಸ್ನೇರಿನ ಪೆಟ್ಟು ಅವರು ಎಣಿಸಿದ ಜಾಗದಲ್ಲಿ ಬೀಳಲಿಲ್ಲ. ಮತ್ತೆ ಹಿಡಿದರು, ಮತ್ತೆ ತಪ್ಪಿತು. ಮೂರನೆಯ ಆವರ್ತಕ್ಕೆ ಅವರು ಡ್ರಮ್ಮನ್ನು ಬಿಟ್ಟು ಬಾಸನ್ನು ಹಿಡಿದು ಎಣಿಸಿದರು, ಸಮ ಸಿಕ್ಕಿತು, ಮುಖ ಅರಳಿತು. ನನ್ನ ಕಿವಿಯ ಹತ್ತಿರ ಬಾಗಿ, ‘ಎತ್ತುಗಡೆಯನ್ನೇ, ಶುರುವಾಗುವ ಜಾಗವನ್ನೇ, ಸರಿಸಿದ್ದಾರೆ, ತಾಳ ಎಲ್ಲೂ ಅಲುಗಿಲ್ಲ’ ಎಂದರು. ಆ ಮೇಲಿನ ಒಂದು ಗಂಟೆ ಅವರ ಕಣ್ಣು ಗ್ಯಾರಿಬಾಲ್ಡಿಯವರ ಎಡಗೈಯನ್ನು ಬಿಟ್ಟು ಕದಲಲಿಲ್ಲ. ಕೋಲಿನ ತುದಿ ಚರ್ಮದಿಂದ ಎರಡು ಬೆರಳಗಲ ಮೇಲೆದ್ದು ಬೀಳುತ್ತಿತ್ತು, ಅಷ್ಟೇ. ಆ ತಟ್ಟುಗಳೆಲ್ಲ ನಮ್ಮ ಮೇಜಿಗೆ ಒಂದೂ ಬಿಡದೆ ತಲುಪಿದವು. ಮನೆಗೆ ಬರುವಾಗ ಕಾರಿನಲ್ಲಿ ಅಪ್ಪ ಹೇಳಿದ್ದು ಇದು: ‘ನಮ್ಮಲ್ಲಿ ಎಡಗೈ ಗುಮುಕಿ ಕೇಳದಿದ್ದರೆ ಮೃದಂಗ ಅರ್ಧವೇ. ಇವರದ್ದೂ ಹಾಗೆಯೇ, ಮಗು.’

ಕ್ಲಬ್ಬಿನ ಕೊರತೆಯನ್ನೂ ಹೇಳಬೇಕು. ಅಲ್ಲಿ ಎಲ್ಲರೂ ಕುಳಿತಿರುತ್ತಾರೆ. ಕುಣಿಯಲು ಕರೆಯುವ ಸಂಗೀತವನ್ನು ಮೇಜಿಗೆ ಮೊಣಕಾಲು ತಾಗಿಸಿಕೊಂಡು ಕೇಳುವುದು ಕಷ್ಟ, ಕೊನೆಯ ಎರಡು ಹಾಡಿಗೆ ಜನ ತಾವಾಗಿಯೇ ಎದ್ದು ನಿಂತರು. ಒಂದೇ ರಾತ್ರಿ ಎರಡು ಪ್ರದರ್ಶನ ಇರುವ ದಿನ ಮೊದಲನೆಯದು ಗಡಿಯಾರ ನೋಡಿ ಮುಗಿಯುತ್ತದೆ. ಆದ್ದರಿಂದ ಎರಡನೆಯದಕ್ಕೆ ಹೋಗಿ.

ಇನ್ನು ಬಯಲಿನ ಜಾತ್ರೆ. ಪ್ರವೇಶದ ಚೀಟಿಯಲ್ಲೇ ಸಂಗೀತವೂ ಸೇರಿತ್ತು. ಮಗಳು ನನ್ನ ಹೆಗಲ ಮೇಲೆ ಕುಳಿತು ಜೋಳದ ತೆನೆ ತಿನ್ನುತ್ತ ಕುಣಿದಳು. ಕುಟುಂಬದೊಂದಿಗೆ ಸಂಜೆ ಕಳೆಯಲು ಇದಕ್ಕಿಂತ ಒಳ್ಳೆಯದಿಲ್ಲ. ಸಂಗೀತದ ದೃಷ್ಟಿಯಿಂದ ಇದೇ ಮೂರರಲ್ಲಿ ಕಡೆಯದು. ಗಾಳಿ ಬೀಸಿದಾಗಲೆಲ್ಲ ಟ್ರಂಪೆಟ್ ಒಂದು ಪಕ್ಕಕ್ಕೆ ಒಯ್ದಂತಾಗುತ್ತಿತ್ತು, ಬಾಸ್ ಮಾತ್ರ ಎದೆಗೆ ಗುದ್ದುತ್ತಿತ್ತು, ಬ್ಯಾರಿಟೋನ್ ಆ ಗುದ್ದಿನಲ್ಲಿ ಮುಳುಗಿಹೋಗಿತ್ತು.

ಅಲ್ಲಿ ನನ್ನನ್ನು ಕಾಡಿದ ಇನ್ನೊಂದು ಸಂಗತಿಯಿದೆ. ಡ್ರಮ್ಮರನ್ನು ನೋಡುತ್ತ ತಾಳ ಹಾಕಿದರೆ ತಪ್ಪುತ್ತಿತ್ತು, ಕಣ್ಣು ಮುಚ್ಚಿದರೆ ಸರಿಹೋಗುತ್ತಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನಾವು ನಿಂತದ್ದು ವೇದಿಕೆಯಿಂದ ಐವತ್ತು ಮೀಟರ್ ದೂರ ಎಂದುಕೊಂಡರೆ, ಸದ್ದು ತಲುಪಲು 0.15 ಸೆಕೆಂಡು ಬೇಕು. ನಿಮಿಷಕ್ಕೆ ನೂರು ಎಣಿಕೆಯ ಹಾಡಿನಲ್ಲಿ ಎಣಿಕೆಯ ಕಾಲುಭಾಗ, ಅಂದರೆ ಒಂದು ಅಕ್ಷರ, ಸರಿಯಾಗಿ ಅಷ್ಟೇ. ಸ್ಪೀಕರುಗಳೂ ವೇದಿಕೆಯ ಪಕ್ಕದಲ್ಲೇ ತೂಗುತ್ತಿದ್ದವು. ಕಣ್ಣಿಗೆ ಕಂಡ ಪೆಟ್ಟಿಗೂ ಕಿವಿಗೆ ಬಂದ ಪೆಟ್ಟಿಗೂ ಪೂರ್ತಿ ಒಂದು ಅಕ್ಷರದ ಅಂತರ. ಒಂದು ಅಕ್ಷರದ ಸ್ಥಾನಪಲ್ಲಟವನ್ನೇ ಕಲೆಯಾಗಿಸಿಕೊಂಡ ಬ್ಯಾಂಡನ್ನು ನೋಡಿದ್ದಕ್ಕಿಂತ ಒಂದು ಅಕ್ಷರ ತಡವಾಗಿ ಕೇಳುವುದೆಂದರೆ ಅವರ ಕೆಲಸವನ್ನೇ ಅಳಿಸಿದಂತೆ. ಊರಿಗೆ ಮರಳಿದ್ದ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಅಚ್ಚರಿಯಾಗಲಿಲ್ಲ. ಅವರು ಹುಡುಗರಾಗಿದ್ದಾಗ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡುತ್ತ ಕೂರುತ್ತಿದ್ದರಂತೆ. ಬಟ್ಟೆ ಕಲ್ಲಿಗೆ ಬಡಿದು ಕೈ ಮತ್ತೆ ಮೇಲೆದ್ದಾಗ ಸದ್ದು ಬರುತ್ತಿತ್ತಂತೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಒಮ್ಮೆ ಮಾತ್ರ ಹೋಗುವುದಾದರೆ ಸಣ್ಣ ಕ್ಲಬ್ಬಿಗೇ ಹೋಗಿ. ಈ ಬ್ಯಾಂಡು ತಾಲೀಮು ಮಾಡಿದ ಒಂದೊಂದು ಸೂಕ್ಷ್ಮವೂ ಆ ದೂರದಲ್ಲಷ್ಟೇ ದಕ್ಕುತ್ತದೆ. ಹಾಡುಗಳು ಈಗಾಗಲೇ ಬಾಯಿಪಾಠವಾಗಿದ್ದು ಸಾವಿರಾರು ಜನರೊಂದಿಗೆ ದನಿಗೂಡಿಸುವ ಆಸೆಯಿದ್ದರೆ ಫಾಕ್ಸ್. ಅಲ್ಲಿ ನಿಲ್ಲಲಾಗದವರು ಮಹಡಿಯ ಆಸನ ತೆಗೆದುಕೊಳ್ಳಲಿ, ನಿಲ್ಲಬಲ್ಲವರು ಕೆಳಗೆ ಧ್ವನಿ ನಿಯಂತ್ರಣದ ಮೇಜಿನ ಹತ್ತಿರ ನಿಲ್ಲಲಿ. ಬಯಲಿಗೆ ಹೋದರೆ ಸಂಕೋಚ ಬಿಟ್ಟು ಮುಂದೆ ನುಗ್ಗಿ, ಹದಿನೈದು ಮೀಟರಿಗಿಂತ ಹಿಂದೆ ನಿಲ್ಲಬೇಡಿ. ಮೂರೂ ಕಡೆ ಕಿವಿಗೆ ರಕ್ಷಣೆ ಬೇಕು. ಆದರೆ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಬಿರಡೆ ಬೇಡ, ಅದು ತಾರದ ಸದ್ದನ್ನೇ ಹೆಚ್ಚಾಗಿ ನುಂಗುತ್ತದೆ, ಸ್ನೇರಿನ ತಟ್ಟುಗಳು ಮೊದಲು ಹೋಗುವುದು ಅದರಲ್ಲೇ. ವಾದ್ಯಗಾರರು ಬಳಸುವ, ಎಲ್ಲ ಸ್ಥಾಯಿಗಳನ್ನೂ ಹೆಚ್ಚು ಕಡಿಮೆ ಒಂದೇ ಸಮ ತಗ್ಗಿಸುವ ಬಿರಡೆ ಕೊಳ್ಳಿ.

ಕ್ಲಬ್ಬಿನಲ್ಲಿ ಮೇಜು ಆರಿಸುವ ಅವಕಾಶ ಸಿಕ್ಕರೆ ಹೆಚ್ಚಿನವರು ಹಾರ್ನ್‌ಗಳ ನೇರ ಎದುರು ಕೂರುತ್ತಾರೆ. ನಾವೂ ಅಂದು ಹಾಗೆಯೇ ಕೂತಿದ್ದೆವು, ಅಪ್ಪ ಐದು ಜನರ ಸಂದಿನಲ್ಲಿ ಕತ್ತು ಓರೆ ಮಾಡಿಕೊಂಡೇ ಡ್ರಮ್ ನೋಡಬೇಕಾಯಿತು. ಮುಂದಿನ ಸಲ ಬಂದಾಗ ಡ್ರಮ್ಮಿನವರ ಎಡಗೈ ಕಾಣುವ ಪಕ್ಕಕ್ಕೆ ಕೂರಿಸು ಎಂದು ಅವರು ಈಗಲೇ ಹೇಳಿಟ್ಟಿದ್ದಾರೆ.