ಅಡಿಕೆ ತೋಟದ ಮನೆಗೆ ನೆಟ್: ಸಿಮ್ ರೂಟರ್, ಏರ್‌ಫೈಬರ್, ಡಿಶ್ ರೇಡಿಯೊ

ಶಿರಸಿ, ಸಾಗರ, ಹೊಸನಗರದ ಕಡೆಯ ಒಂಟಿ ಮನೆಗಳಿಗೆ ಫೈಬರ್ ಎಳೆಸುವುದು ಸುಲಭದ ಮಾತಲ್ಲ. ಟಾರ್ ರಸ್ತೆಯಿಂದ ಒಳಗೆ ಒಂದೆರಡು ಕಿಲೋಮೀಟರ್ ಕೇಬಲ್ ಬೇಕು, ಕಂಬ ಬೇಕು, ಮಳೆಗಾಲದಲ್ಲಿ ಮರ ಬಿದ್ದು ತುಂಡಾದಾಗ ಬಂದು ಜೋಡಿಸುವವರೂ ಬೇಕು. ಇದೆಲ್ಲ ಸಿಗುವ ಊರಾದರೆ ಫೈಬರನ್ನೇ ಹಾಕಿಸಿ, ಬೇರೆ ಯೋಚನೆ ಬೇಡ. ಸಿಗದ ಕಡೆ ಉಳಿಯುವುದು ಮೂರು ದಾರಿ: 4ಜಿ ಸಿಮ್ ಹಾಕುವ ರೂಟರ್, ಮೊಬೈಲ್ ಕಂಪನಿಗಳ 5ಜಿ ಏರ್‌ಫೈಬರ್, ಊರಿನ ಕೇಬಲ್‌ನವರೋ ಬಿಎಸ್‌ಎನ್‌ಎಲ್ ಪಾಲುದಾರರೋ ಕೊಡುವ ಡಿಶ್ ರೇಡಿಯೊ. ಮೂರರ ಜಾಹೀರಾತಿನಲ್ಲೂ ಎದ್ದು ಕಾಣುವುದು ಎಂಬಿಪಿಎಸ್. ನೆಟ್ ಕಡಿಯದೆ ಓಡುತ್ತದೋ ಇಲ್ಲವೋ ಎಂಬುದು ಮಾತ್ರ ನಿಮ್ಮ ಮಾಡಿಗೂ ಟವರಿಗೂ ನಡುವೆ ಏನಿದೆ ಎಂಬುದರ ಮೇಲೆ ನಿಂತಿದೆ.

ಅದಕ್ಕೇ ದುಡ್ಡು ಕೊಡುವ ಮೊದಲು ಏಣಿ ಹತ್ತಬೇಕು. ಫೋನಿನ ಮೇಲ್ತುದಿಯ ಕಡ್ಡಿಗಳು ಲೆಕ್ಕಕ್ಕಿಲ್ಲ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಅಥವಾ ನೆಟ್‌ಮಾನ್‌ಸ್ಟರ್‌ನಂಥ ಆ್ಯಪ್ ಹಾಕಿಕೊಂಡರೆ ಎರಡು ಅಂಕಿ ಸಿಗುತ್ತವೆ. ಆರ್‌ಎಸ್‌ಆರ್‌ಪಿ ಎಂದರೆ ಸಿಗ್ನಲ್ ಎಷ್ಟು ಗಟ್ಟಿ ಎಂಬುದು: -85ರ ಆಸುಪಾಸು ಒಳ್ಳೆಯದು, -100 ದುರ್ಬಲ, -110 ದಾಟಿದರೆ ಕೈಬಿಡಿ. ಎಸ್‌ಐಎನ್‌ಆರ್ ಎಂದರೆ ಸಿಗ್ನಲ್ ಎಷ್ಟು ಶುದ್ಧ ಎಂಬುದು: 20ರ ಮೇಲಿದ್ದರೆ ಉತ್ತಮ, 5ರ ಕೆಳಗಿದ್ದರೆ ಪಕ್ಕದ ಟವರಿನ ಗದ್ದಲ ಸೇರಿಕೊಂಡಿದೆ. ಮಾಡಿನ ನಾಲ್ಕೂ ಮೂಲೆಯಲ್ಲಿ ನೋಡಿ, ಬೆಳಿಗ್ಗೆ 6ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ಸ್ಪೀಡ್ ಅಳೆಯಿರಿ. ಆರ್‌ಎಸ್‌ಆರ್‌ಪಿ ಎರಡೂ ಹೊತ್ತು ಒಂದೇ ಆಗಿದ್ದು ಸ್ಪೀಡ್ ಮಾತ್ರ ರಾತ್ರಿ ಕುಸಿದರೆ ದೋಷ ನಿಮ್ಮ ಮನೆಯದಲ್ಲ. ಟವರಿನಲ್ಲಿ ಜನ ಹೆಚ್ಚಾಗಿದ್ದಾರೆ. ಅಂಥಲ್ಲಿ ಎಷ್ಟು ದೊಡ್ಡ ಆಂಟೆನಾ ತಂದರೂ ಆಗುವುದು ಅಷ್ಟಕ್ಕಷ್ಟೆ.

ಸಿಮ್ ರೂಟರ್ ಮೂರರಲ್ಲಿ ಅಗ್ಗ, ಬೇಗ ಕೈಗೆ ಸಿಗುವುದೂ ಇದೇ. ಜನ ಎಡವುವುದು ಆಂಟೆನಾ ಕೇಬಲ್‌ನಲ್ಲಿ. ರೂಟರನ್ನು ಟಿವಿ ಪಕ್ಕ ಇಟ್ಟು, ಮಾಡಿನ ಮೇಲೆ ಸಿಗ್ನಲನ್ನು 10 ಡೆಸಿಬಲ್ ಹೆಚ್ಚಿಸುವ ಆಂಟೆನಾ ಕಟ್ಟಿ, ನಡುವೆ 10 ಮೀಟರ್ ತೆಳು ಕರಿ ವೈರ್ ಬಿಡುತ್ತಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಆ ಆರ್‌ಜಿ-58 ವೈರು 1800 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಮುಕ್ಕಾಲು ಡೆಸಿಬಲ್ ತಿನ್ನುತ್ತದೆ. ಹತ್ತು ಮೀಟರಿಗೆ ಏಳೆಂಟು ಹೋಯಿತು, ಆಂಟೆನಾ ತಂದಿದ್ದು ವ್ಯರ್ಥ. ದಪ್ಪನೆಯ ಎಲ್‌ಎಂಆರ್-400 ಆದರೆ ನಷ್ಟ ಎರಡು ಡೆಸಿಬಲ್, ಆದರೆ ಆ ವೈರಿನ ಬೆಲೆಗೆ ಇನ್ನೊಂದು ರೂಟರೇ ಬಂದೀತು. ಸರಿಯಾದ ದಾರಿ ಬೇರೆ: ಹೊರಗಡೆ ಇಡುವಂಥ ರೂಟರನ್ನೇ ಮಾಡಿನ ಮೇಲೆ ಕಟ್ಟಿ, ಕೆಳಕ್ಕೆ ಕ್ಯಾಟ್-6 ಲ್ಯಾನ್ ಕೇಬಲ್ ಇಳಿಸಿ, ಅದರಲ್ಲೇ ಕರೆಂಟ್ ಕೊಡುವುದು. ಈ ಕೇಬಲ್ 100 ಮೀಟರ್ ಓಡಿದರೂ ಸ್ಪೀಡ್ ಸೋರುವುದಿಲ್ಲ. ಬೇರೆ ಆಂಟೆನಾ ಹಾಕಲೇಬೇಕಿದ್ದರೆ ಎರಡು ಬೇಕು, ಒಂದನ್ನು ಎಡಕ್ಕೆ 45 ಡಿಗ್ರಿ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಬೇಕು. ಒಂದೇ ಕಟ್ಟಿದರೆ ರೂಟರಿನ ಎರಡನೇ ಕಿವಿ ಕಿವುಡಾಗಿರುತ್ತದೆ.

ಇನ್ನೊಂದು ಕೆಲಸ ಬ್ಯಾಂಡ್ ಲಾಕ್, ಅಂದರೆ ರೂಟರ್ ಯಾವ ತರಂಗಪಟ್ಟಿ ಹಿಡಿಯಬೇಕೆಂದು ನಾವೇ ಗೊತ್ತುಮಾಡುವುದು. ದೂರದ ಮನೆಯಲ್ಲಿ ರೂಟರ್ ಹೆಚ್ಚಾಗಿ 850 ಅಥವಾ 900 ಮೆಗಾಹರ್ಟ್ಸ್‌ಗೆ ಅಂಟಿಕೊಳ್ಳುತ್ತದೆ, ಏಕೆಂದರೆ ಅದು ಮರ ದಾಟಿ ಬರುತ್ತದೆ. ಆದರೆ ಅಲ್ಲಿ ಡೇಟಾ ಹರಿಯುವ ದಾರಿಯ ಅಗಲ ಕಡಿಮೆ, ಫೋನುಗಳ ಜಂಗುಳಿ ಬೇರೆ. ಜಿಯೋದಲ್ಲಿ ಬ್ಯಾಂಡ್ 5 (850) ಬಿಟ್ಟು 3 (1800) ಅಥವಾ 40ಕ್ಕೆ (2300), ಏರ್‌ಟೆಲ್‌ನಲ್ಲಿ 8 (900) ಬಿಟ್ಟು 3 ಅಥವಾ 40ಕ್ಕೆ ಲಾಕ್ ಮಾಡಿ ನೋಡಿ. ಸಿಗ್ನಲ್ ಅಂಕಿ ಕೆಟ್ಟದ್ದು ಕಂಡರೂ ಸ್ಪೀಡ್ ಏರುವುದುಂಟು. ಈ ಸವಲತ್ತಿಲ್ಲದ ರೂಟರ್ ಕೊಳ್ಳಲೇಬೇಡಿ. ಸಿಮ್ ಪ್ಲಾನು ದಿನಕ್ಕೆ 2 ಜಿಬಿ ಎಂದಿದ್ದರೆ ಅದು ಮುಗಿದ ಮೇಲೆ 64 ಕೆಬಿಪಿಎಸ್, ವಾಟ್ಸ್‌ಆ್ಯಪ್ ಅಕ್ಷರಕ್ಕೆ ಮಾತ್ರ ಸಾಕು. ಪೇಟೆಯಲ್ಲಿ ಬೂಸ್ಟರ್ ಎಂದು ಮಾರುವ ಡಬ್ಬಿಯ ಹತ್ತಿರ ಹೋಗಬೇಡಿ. ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಮೇಲಿಂದ ಸುತ್ತಲಿನವರ ಸಿಗ್ನಲನ್ನೂ ಕೆಡಿಸುತ್ತದೆ.

ಏರ್‌ಫೈಬರ್ ಬಂದದ್ದು ಇತ್ತೀಚೆಗೆ. 5ಜಿ ಶುರುವಾದದ್ದು 2022ರ ಅಕ್ಟೋಬರ್ 1ಕ್ಕೆ. ಏರ್‌ಟೆಲ್‌ನ ಏರ್‌ಫೈಬರ್ 2023ರ ಆಗಸ್ಟ್‌ನಲ್ಲಿ, ಜಿಯೋದ್ದು ಅದೇ ವರ್ಷ ಗಣೇಶ ಚೌತಿಗೆ. ಮಾಡಿನ ಮೇಲೊಂದು ಬಿಳಿ ಡಬ್ಬಿ, ಒಳಗೊಂದು ವೈಫೈ ಡಬ್ಬಿ, ನಡುವೆ ಒಂದು ಕೇಬಲ್. ಕಟ್ಟುವವರು ಅವರೇ ಬರುತ್ತಾರೆ. ಡೇಟಾ ತಿಂಗಳಿಗೆ 1000 ಜಿಬಿ, ಸಿಮ್ ರೂಟರಿಗೆ ಹೋಲಿಸಿದರೆ ಆಕಾಶ ಭೂಮಿ ಅಂತರ. ₹599ರ ಪ್ಲಾನ್ ಎಂದರೆ 18% ಜಿಎಸ್‌ಟಿ ಸೇರಿ ಸುಮಾರು ₹707, ಅದನ್ನೂ ಹೆಚ್ಚಾಗಿ ಹಲವು ತಿಂಗಳಿಗೆ ಮುಂಗಡ ಕೇಳುತ್ತಾರೆ.

ಇದರ ವೇಗ ಬರುವುದು 3300 ಮೆಗಾಹರ್ಟ್ಸ್‌ನಿಂದ. ಅಗಲ ಸುಮಾರು 100 ಮೆಗಾಹರ್ಟ್ಸ್, ಹಾಗಾಗಿ ರಾತ್ರಿ 9ಕ್ಕೂ ಜಗ್ಗುವುದಿಲ್ಲ. ಆದರೆ ಎಲೆ ಕಂಡರೆ ಅದಕ್ಕೆ ಆಗದು. ಜಿಯೋದ 700 ಮೆಗಾಹರ್ಟ್ಸ್ ಮರ ದಾಟಿ ಬರುತ್ತದೆ, ಅಲ್ಲಿ ಅಗಲ 10 ಮಾತ್ರ. ಫೋನಿನಲ್ಲಿ 5ಜಿ ಎಂದು ಕಂಡಿದ್ದಕ್ಕೆ ಹಿಗ್ಗಿ ಮುಂಗಡ ಕಟ್ಟಬೇಡಿ. ಆ್ಯಪ್‌ನಲ್ಲಿ ಎನ್78 (ಆ 3300) ಎಂದಿದೆಯೋ ಎನ್28 (ಆ 700) ಎಂದಿದೆಯೋ ನೋಡಿ. ಎನ್28 ಮಾತ್ರ ಸಿಗುವ ಮನೆಯಲ್ಲಿ 5ಜಿ ಎಂಬುದು ಒಳ್ಳೆಯ 4ಜಿಗಿಂತ ಬಹಳ ಮೇಲೇನಲ್ಲ. ಕಟ್ಟುವವರು ತರಾತುರಿಯಲ್ಲಿ ಕೈಗೆಟುಕುವ ಗೋಡೆಗೇ ಡಬ್ಬಿ ಬಿಗಿದು ಹೋಗುತ್ತಾರೆ. ಅವರು ಇರುವಾಗಲೇ ಮಾಡಿನ ಆ ತುದಿ ಈ ತುದಿ ತೋರಿಸಿ ಅಳೆಸಿ, ಒಂದೂವರೆ ಮೀಟರ್ ಸರಿಸಿದ್ದಕ್ಕೇ ಎಸ್‌ಐಎನ್‌ಆರ್ ಐದಾರು ಏರುವುದುಂಟು.

ಮೂರನೆಯದು ಡಿಶ್ ರೇಡಿಯೊ. ಪೇಟೆಯವರೆಗೆ ಬಂದ ಫೈಬರನ್ನು ಗುಡ್ಡದ ಮೇಲಿನ ಕಂಬಕ್ಕೆ ತಂದು, ಅಲ್ಲಿಂದ 5.8 ಗಿಗಾಹರ್ಟ್ಸ್‌ನಲ್ಲಿ ಮನೆಗೆ ಎಸೆಯುವುದು. ಇದಕ್ಕೆ ಲೈಸೆನ್ಸ್ ಬೇಡದ ಜಾಗ ಮೊದಲು ಹೊರಾಂಗಣಕ್ಕೆ 5825ರಿಂದ 5875ರವರೆಗಿನ 50 ಮೆಗಾಹರ್ಟ್ಸ್ ಮಾತ್ರ ಇತ್ತು. 2018ರ ಅಕ್ಟೋಬರ್‌ನಲ್ಲಿ 605 ಮೆಗಾಹರ್ಟ್ಸ್ ಬಿಟ್ಟುಕೊಟ್ಟ ಮೇಲೆ ಹಳ್ಳಿ ಕಡೆ ಈ ಡಿಶ್‌ಗಳು ಹೆಚ್ಚಿದವು. 5ಜಿ ಮುಟ್ಟದ ಕಡೆ ಜಿಯೋ ಕೂಡ ಏರ್‌ಫೈಬರ್ ಹೆಸರಿನಲ್ಲೇ ಇಂಥ ರೇಡಿಯೊ ಕಟ್ಟುತ್ತದೆ, ಕೇಳಿ ತಿಳಿದುಕೊಳ್ಳಿ.

ಸರಿಯಾಗಿ ಕೂತರೆ ಮೂರರಲ್ಲಿ ಇದೇ ಮೇಲು. ಪಿಂಗ್ (ಸಂದೇಶ ಹೋಗಿ ಬರುವ ಹೊತ್ತು) 10-20 ಮಿಲಿಸೆಕೆಂಡ್‌ನಲ್ಲಿ ನಿಲ್ಲುತ್ತದೆ, ಅಪ್‌ಲೋಡೂ ಡೌನ್‌ಲೋಡಿನಷ್ಟೇ ಸಿಗುವುದುಂಟು. ಮೀಟಿಂಗಿನಲ್ಲಿ ಮುಖ ಕಾಣಬೇಕಾದವರಿಗೆ ಅಪ್‌ಲೋಡೇ ಮುಖ್ಯ. ಆದರೆ ಕಂಬ ಕಣ್ಣಿಗೆ ಕಂಡರೆ ಸಾಲದು. ನಡುದಾರಿಯಲ್ಲಿ ತರಂಗಕ್ಕೆ ಉಬ್ಬಿದ ಕೊಳವೆಯಷ್ಟು ಜಾಗ ಬೇಕು. 3 ಕಿಲೋಮೀಟರ್ ದೂರಕ್ಕೆ ಆ ಕೊಳವೆಯ ಅರ್ಧ ಅಗಲ 6.2 ಮೀಟರ್, ಅದರಲ್ಲಿ 60%, ಅಂದರೆ 3.7 ಮೀಟರ್ ಖಾಲಿ ಇರಲೇಬೇಕು. ಅಡಿಕೆ ಸೋಗೆಯ ತುದಿ ಡಿಶ್‌ಗೂ ಕಂಬಕ್ಕೂ ನಡುವಿನ ನೇರ ಗೆರೆಗಿಂತ ಎರಡು ಮೀಟರ್ ಕೆಳಗಿದೆ ಎಂದು ನೆಮ್ಮದಿಯಾಗಿದ್ದರೆ ಡಿಸೆಂಬರಿನಲ್ಲಿ ಓಡಿದ್ದು ಜುಲೈನಲ್ಲಿ ಕೈಕೊಡುತ್ತದೆ. ಬೈಯುವುದು ಮಳೆಗೆ. ಜಡಿಮಳೆಯೂ ಈ ದೂರಕ್ಕೆ ಒಂದೆರಡು ಡೆಸಿಬಲ್ ತಿಂದೀತು, ಅಷ್ಟೆ. ನಿಜವಾಗಿ ನುಂಗುವುದು ನೀರು ಹಿಡಿದ ಎಲೆ.

ದಿಕ್ಕು ಹಿಡಿಸಲು ಇಬ್ಬರು ಬೇಕು, ಒಬ್ಬರು ಡಿಶ್ ತಿರುಗಿಸಲು, ಒಬ್ಬರು ಅಂಕಿ ಓದಲು. 23 ಡೆಸಿಬಲ್‌ನ ಡಿಶ್, ಕಾನೂನಿನ ಮಿತಿಯಾದ 4 ವ್ಯಾಟ್, 3 ಕಿಲೋಮೀಟರ್ ಎಂದಾದರೆ ಲೆಕ್ಕಕ್ಕೆ ಸಿಗ್ನಲ್ -58 ಬರಬೇಕು, -62 ಬಂದರೂ ಸಂತೋಷ. -78 ಬಂದು ಅಲ್ಲೇ ನಿಂತರೆ ನಟ್ಟು ಬಿಗಿಯಬೇಡಿ, ಅದು ಪಕ್ಕದ ಸುಳ್ಳು ಕಿರಣ. ಡಿಶ್‌ನ ಮುಖ್ಯ ಕಿರಣದ ಆಚೀಚೆ ಸಣ್ಣ ಸುಳ್ಳು ಕಿರಣಗಳಿರುತ್ತವೆ. ಎಡದಿಂದ ಬಲಕ್ಕೆ ಪೂರ್ತಿ ಒಮ್ಮೆ ನಿಧಾನ ಬೀಸಿ, ಮೂರು ಏರು ಕಂಡರೆ ನಡುವಿನದ್ದು ಹಿಡಿಯಿರಿ, ಆಮೇಲೆ ಮೇಲೆ ಕೆಳಗೆ. ಜಿಐ ಪೈಪಿಗೆ ಮೂರು ದಿಕ್ಕಿನಿಂದ ತಂತಿ ಬಿಗಿಯದಿದ್ದರೆ ಮೊದಲ ಗಾಳಿಗೇ ಡಿಶ್ ಮುಖ ತಿರುಗಿಸುತ್ತದೆ. ಇನ್ನೊಂದು: ಈ ರೇಡಿಯೊಗಳಲ್ಲಿ ಹಲವು 24 ವೋಲ್ಟಿನವು. ಹಳೆಯ 48 ವೋಲ್ಟಿನ ಅಡಾಪ್ಟರ್ ಮನೆಯಲ್ಲಿದೆ ಎಂದು ಚುಚ್ಚಿದರೆ ಹೊಗೆ.

ಸಿಡಿಲಿಗೆ ಮೂರೂ ಒಂದೇ. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಮಾಡಿನ ಡಬ್ಬಿಗಿಂತ ಹೆಚ್ಚಾಗಿ ಸುಡುವುದು ಕೆಳಗಿನ ರೂಟರಿನ ಲ್ಯಾನ್ ಪೋರ್ಟು. ಕವಚವಿರುವ ಕ್ಯಾಟ್-6, ಒಳಬರುವಲ್ಲಿ ಸರ್ಜ್ ಪ್ರೊಟೆಕ್ಟರ್, ಅದರಿಂದ ಮನೆಯ ಅರ್ಥಿಂಗಿಗೇ ತಂತಿ. ಪೈಪಿಗೆಂದು ಬೇರೆ ಅರ್ಥ್ ಗುಂಡಿ ತೋಡಿದರೆ ಅದನ್ನೂ ಮನೆಯದಕ್ಕೆ ಜೋಡಿಸಿ. ಮೋಡ ಗುಡುಗುವಾಗ ಪ್ಲಗ್ ತೆಗೆದರೆ ಸಾಲದು, ಲ್ಯಾನ್ ಕೇಬಲನ್ನೂ ಕಳಚಬೇಕು.

ಕರೆಂಟಿನದು ಬೇರೆ ಲೆಕ್ಕ. ಸಿಮ್ ರೂಟರ್ 12 ವೋಲ್ಟಿನದಾದರೆ ಮಿನಿ ಯುಪಿಎಸ್‌ನಲ್ಲೇ ಮೂರು ನಾಲ್ಕು ಗಂಟೆ ತಳ್ಳಬಹುದು. ಏರ್‌ಫೈಬರಿನ ಎರಡೂ ಡಬ್ಬಿ ಸೇರಿ 20-25 ವ್ಯಾಟ್, ಅದನ್ನು ಮನೆಯ ಇನ್ವರ್ಟರಿಗೇ ಕೊಡಿ. ಎರಡು ದಿನ ಕರೆಂಟ್ ಹೋದಾಗ ನಿಮ್ಮ ಬ್ಯಾಟರಿ ಇದ್ದರೂ ಟವರಿನ ಡೀಸೆಲ್ ಮುಗಿದಿರುತ್ತದೆ. ಡಿಶ್‌ನವರ ಗುಡ್ಡದ ಕಂಬಕ್ಕೆ ಸೋಲಾರ್ ಇದೆಯೇ ಎಂದು ಮೊದಲೇ ಕೇಳಬೇಕಾದದ್ದು ಇದಕ್ಕೇ.

ತೋಟಕ್ಕೆ ಸಿಸಿಟಿವಿ ಹಾಕುವವರು ಇನ್ನೊಂದು ಲೆಕ್ಕ ಮಾಡಿಕೊಳ್ಳಿ. 1 ಎಂಬಿಪಿಎಸ್ ಕಳಿಸುವ ಒಂದು ಕ್ಯಾಮೆರಾ ದಿನಕ್ಕೆ 10.8 ಜಿಬಿ. ಮೂರು ಕ್ಯಾಮೆರಾ ಹಗಲೂ ರಾತ್ರಿ ಕ್ಲೌಡಿಗೆ ಹೋದರೆ ತಿಂಗಳಿಗೆ 972 ಜಿಬಿ, ಏರ್‌ಫೈಬರಿನ 1000 ಅಲ್ಲಿಗೇ ಮುಗಿಯಿತು. ರೆಕಾರ್ಡಿಂಗ್ ಮನೆಯ ಡಿವಿಆರ್‌ನಲ್ಲೇ ಇರಲಿ, ಹೊರಗಿನಿಂದ ನೋಡುವಾಗ ಮಾತ್ರ ನೆಟ್ ಬಳಸಲಿ.

ಗುಡ್ಡದ ಕಂಬ ಅಡ್ಡಿಯಿಲ್ಲದೆ ಕಂಡರೆ, ರಿಪೇರಿಗೆ ಬರುವ ಹುಡುಗ ಅದೇ ತಾಲ್ಲೂಕಿನವನಾಗಿದ್ದರೆ ಡಿಶ್. ಎನ್78 ಮಾಡಿನ ಮೇಲೆ ಆರ್‌ಎಸ್‌ಆರ್‌ಪಿ -95ಕ್ಕಿಂತ ಚೆನ್ನಾಗಿ ಸಿಕ್ಕರೆ ಏರ್‌ಫೈಬರ್. ಸುತ್ತ ಮರವೇ ಮರ ಎಂದಾದರೆ ಬ್ಯಾಂಡ್ ಲಾಕ್ ಇರುವ ಹೊರಾಂಗಣ ಸಿಮ್ ರೂಟರ್, ಎರಡು ಕಂಪನಿಯ ಸಿಮ್ ಒಂದೊಂದು ವಾರ ಹಾಕಿ ನೋಡಿದ ಮೇಲೆ. ಮೊದಲೆರಡರಲ್ಲಿ ಯಾವುದು ಹಾಕಿಸಿದರೂ ಸಿಮ್ ರೂಟರನ್ನು ಮಾರಬೇಡಿ, ಆಷಾಢದಲ್ಲಿ ಬೇಕಾಗುತ್ತದೆ.