ಎಐ ಕೋಡಿಂಗ್ ಟೂಲ್: ಬರೆಯುವ ಹೊತ್ತು ಉಳಿಯಿತು, ಓದುವ ಹೊತ್ತು ಬೆಳೆಯಿತು

ನಾವು ಕೋಡ್ ಬರೆಯುವ ಎಡಿಟರ್ ಸಾಫ್ಟ್‌ವೇರ್ ಒಳಗೇ ಕೂತು ಕೋಡ್ ಬರೆದುಕೊಡುವ ಎಐ ಟೂಲ್ ಒಂದನ್ನು ವರ್ಷಕ್ಕಿಂತ ಜಾಸ್ತಿ ಬಳಸಿದ್ದೇನೆ. ಆಫೀಸಿನಲ್ಲಿ ಬಳಸಲು ಒಪ್ಪಿಗೆ ಇದೆ, ದುಡ್ಡು ಮಾತ್ರ ಕೊಡುವುದಿಲ್ಲ. ತಿಂಗಳಿಗೆ 20 ಡಾಲರ್ ನನ್ನ ಜೇಬಿನಿಂದಲೇ ಹೋಗುತ್ತದೆ. ಫೀಚರ್‌ಗಳ ಪಟ್ಟಿ ಎಲ್ಲರೂ ನೋಡಿರುತ್ತೀರಿ, ಬಿಡಿ.

ನನ್ನ ತಕರಾರು ಒಂದೇ. ಇದು ಕೊಡುವ ಕೋಡ್ ಮುಕ್ಕಾಲುಪಾಲು ಸರಿ ಇರುತ್ತದೆ. ಉಳಿದ ಕಾಲುಪಾಲು ಎಲ್ಲಿ ಅಡಗಿದೆ ಅಂತ ಹುಡುಕುವುದೇ ದೊಡ್ಡ ಕೆಲಸ.

ನಾನಿರುವುದು ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ. 18% ಜಿಎಸ್‌ಟಿ ಹಾಕಿ, ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಅಂತ ಎರಡು ಪಾಲು ಮಾಡುವ ಫಂಕ್ಷನ್ ಕೇಳಿದೆ. ತಕ್ಷಣ ಬಂತು. ಕಾಮೆಂಟ್ ಇತ್ತು, ಟೆಸ್ಟ್ ಕೂಡ ಇತ್ತು. ಟೆಸ್ಟ್‌ನಲ್ಲಿ ಬೆಲೆ 100 ರೂಪಾಯಿ. 9 ಮತ್ತು 9, ಒಟ್ಟು 18. ಪಾಸ್. ನಾನು 99.50 ಹಾಕಿ ನೋಡಿದೆ. ಒಟ್ಟು ತೆರಿಗೆ 17.91 ಅಂತ ತೋರಿಸಿತು. ಒಂದೊಂದು ಪಾಲು 8.955, ರೌಂಡ್ ಆಗಿ 8.96. ಕೂಡಿಸಿದರೆ 17.92! ಬಿಲ್ಲಿನಲ್ಲಿ ಒಂದು ಪೈಸೆ ತಾಳೆಯಾಗುವುದಿಲ್ಲ. ಅಕೌಂಟ್ಸ್‌ನವರಿಗೆ ಈ ಒಂದು ಪೈಸೆ ಎಂಥ ತಲೆನೋವು ಅಂತ ಈ ಕೆಲಸ ಮಾಡಿದವರಿಗೇ ಗೊತ್ತು. ಸರಿ ಮಾಡು ಅಂದರೆ, ಎಸ್‌ಜಿಎಸ್‌ಟಿಯನ್ನು 8.95ಕ್ಕೆ ಇಳಿಸಿ ಲೆಕ್ಕ ಹೊಂದಿಸಿತು. ಎರಡೂ ಸಮ ಇರಬೇಕಲ್ವಾ? ಕೊನೆಗೆ ಪಾಲುಗಳನ್ನು ಮೊದಲು ರೌಂಡ್ ಮಾಡಿ, ಆಮೇಲೆ ಕೂಡಿಸುವಂತೆ ನಾನೇ ಬರೆದೆ. ಮೊದಲೇ ಕೈಯಲ್ಲಿ ಬರೆದಿದ್ದರೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ.

2025ರಲ್ಲಿ ಎಂಇಟಿಆರ್ ಅನ್ನುವ ಸಂಶೋಧನಾ ಸಂಸ್ಥೆ ಇದನ್ನೇ ಅಳೆದು ನೋಡಿತು. 16 ಅನುಭವಿ ಡೆವಲಪರ್‌ಗಳು, 246 ಕೆಲಸಗಳು. ಎಲ್ಲವೂ ಅವರಿಗೆ ಚೆನ್ನಾಗಿ ಗೊತ್ತಿದ್ದ ಓಪನ್ ಸೋರ್ಸ್ ಕೋಡ್. ಎಐ ಬಳಸಿದಾಗ 19% ಜಾಸ್ತಿ ಹೊತ್ತು ಹಿಡಿಯಿತು. ಮುಗಿದ ಮೇಲೂ ಅವರು 20% ಬೇಗ ಆಯಿತು ಅಂತಲೇ ನಂಬಿದ್ದರು. ಆಮೇಲೆ ಟೂಲ್‌ಗಳು ಸುಧಾರಿಸಿವೆ, ನಿಜ. ಆದರೆ ಸ್ಕ್ರೀನ್ ಮೇಲೆ ಕೋಡ್ ಸರಸರ ಇಳಿಯುವಾಗ ಕೆಲಸ ಮುಗಿದೇ ಹೋಯಿತು ಅಂತ ನನಗೂ ಅನಿಸುತ್ತದೆ. ಓದಿ, ಪರೀಕ್ಷಿಸಿ, ತಿದ್ದುವ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ.

ಆದರೂ ಬಿಟ್ಟಿಲ್ಲ, ಅದಕ್ಕೆ ಕಾರಣ ಬೆಳಗಿನ ಅರ್ಧ ಗಂಟೆ. ಸ್ಟ್ಯಾಂಡಪ್‌ಗೆ (ಟೀಮಿನ ದಿನದ ಪುಟ್ಟ ಮೀಟಿಂಗ್) ಮುಂಚೆ ನಮ್ಮ ಹಳೇ ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸ್ ಒಳಗೇ ಇಟ್ಟಿರುವ ಕೋಡ್, ಒಂದನ್ನು ತೆರೆಯುತ್ತೇನೆ. ಬರೆದವರು ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಕೇಳೋಣ ಅಂದರೆ ಯಾರೂ ಇಲ್ಲ. 'ಇದು ಯಾವ ಟೇಬಲ್ ಮುಟ್ಟುತ್ತದೆ? ಈ ಕಂಡೀಷನ್ ಯಾಕೆ?' ಅಂತ ಟೂಲ್‌ಗೆ ಕೇಳುತ್ತೇನೆ. ಅದು ಹೇಳಿದ ಒಂದೊಂದು ಸಾಲನ್ನೂ ಕೋಡ್ ಪಕ್ಕದಲ್ಲಿಟ್ಟು ನೋಡಿ, ಸರಿ ಇದ್ದರೆ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇನೆ. ಮುಟ್ಟೋಕೇ ಹೆದರುತ್ತಿದ್ದ ಕೋಡ್ ಹೀಗೆ ಸ್ವಲ್ಪ ಸ್ವಲ್ಪವಾಗಿ ಕೈಗೆ ಬಂದಿದೆ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಬೇಸರ ಮಾಡಿಕೊಳ್ಳುವುದಿಲ್ಲ. ಈ ಖುಷಿ ನಾನು ಎಣಿಸಿರಲಿಲ್ಲ.

ಒಂದೇ ಸಲ ಬಳಸಿ ಎಸೆಯುವ ಸ್ಕ್ರಿಪ್ಟ್, ಟೆಸ್ಟ್ ಡೇಟಾ, ರೆಜೆಕ್ಸ್ (ಪಠ್ಯದಲ್ಲಿ ಬೇಕಾದ ಮಾದರಿ ಹುಡುಕುವ ಸೂತ್ರ), ಇವಕ್ಕೂ ಧಾರಾಳವಾಗಿ ಬಳಸಬಹುದು. ತೆರಿಗೆ ಲೆಕ್ಕದ ಫೈಲ್‌ಗಳಲ್ಲಿ ಮಾತ್ರ ಟೂಲ್‌ನ ಸಜೆಶನ್ ಆಫ್ ಮಾಡಿಟ್ಟಿದ್ದೇನೆ.

ಐದಕ್ಕೆ ಮೂರೂವರೆ ಸ್ಟಾರ್. ಬೇರೆಯವರ ಹಳೇ ಕೋಡ್ ನೋಡಿಕೊಳ್ಳುವವರು ಕಣ್ಣುಮುಚ್ಚಿ ತಗೊಳ್ಳಿ. ನಿಮ್ಮದೇ ಕೋಡ್‌ನಲ್ಲಿ ವರ್ಷಗಟ್ಟಲೆ ಇರುವವರು ಮೊದಲು ಫ್ರೀ ಪ್ಲಾನ್‌ನಲ್ಲಿ ಒಂದು ವಾರ ಓಡಿಸಿ, ಅದು ಕೊಟ್ಟ ಕೋಡ್ ಓದಿ ಪರೀಕ್ಷಿಸಲು ಹೋದ ಹೊತ್ತನ್ನೂ ಬರೆದಿಟ್ಟುಕೊಳ್ಳಿ.