ಅರಿವಿ ಬದಲಿಸಿದರೆ ಸಾಕೇ? ಬೆಳಗಾವಿಯ ಸೋಫಾ ರಿಪೇರಿ ಸೇವೆ, ಒಳಗಿನಿಂದ ನೋಡಿದರೆ

ಬೆಳಗಾವಿಯಲ್ಲಿ ಸೋಫಾ ಹಳತಾಯಿತೆಂದರೆ ದಾರಿ ಎರಡು. ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದು ತರುವುದು ಒಂದು; ಮನೆಗೇ ಬಂದು ಫೋಮ್, ಅರಿವಿ ಬದಲಿಸಿಕೊಡುವ ಕುಶನ್ ಕೆಲಸದವರನ್ನು ಕರೆಸುವುದು ಇನ್ನೊಂದು. ಇಲ್ಲಿ ತೂಗಿ ನೋಡುತ್ತಿರುವುದು ಎರಡನೆಯದನ್ನು. ಯಾವುದೋ ಒಂದು ಅಂಗಡಿಯನ್ನಲ್ಲ, ಈ ಕೆಲಸ ನಡೆಯುವ ರೀತಿಯನ್ನು. ಅಂಕ ಮೊದಲೇ ಹೇಳಿಬಿಡುತ್ತೇವೆ: ಚೌಕಟ್ಟು ಗಟ್ಟಿಯಿದ್ದ ಸೋಫಾಕ್ಕೆ ಮಾಡಿಸಿದರೆ ಐದಕ್ಕೆ ನಾಲ್ಕು. ಚೌಕಟ್ಟು ಹೋದ ಸೋಫಾಕ್ಕೆ ಮಾಡಿಸಿದರೆ ಸೊನ್ನೆ, ಎಷ್ಟೇ ಚಂದದ ಅರಿವಿ ಹಾಕಿರಲಿ.

ಬಹಳ ಮನೆಗಳಲ್ಲಿ ನಿರ್ಧಾರ ಆಗುವುದು ಅರಿವಿ ನೋಡಿ. ಬಣ್ಣ ಮಾಸಿತು, ಹೊಲಿಗೆ ಬಿಚ್ಚಿತು ಎಂದು ಒಳಗೆ ಸಾಗವಾನಿ ಇರುವ ಸೋಫಾ ಮೋಡಕಾದವನ ಗಾಡಿ ಹತ್ತುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಪಟ್ಟಿಗಳಿಂದ ಮಾಡಿದ್ದು ಮಾತ್ರ, ಮೇಲೆ ಹೊಳಪಿದೆ ಎಂಬ ಒಂದೇ ಕಾರಣಕ್ಕೆ, ರಿಪೇರಿ ಮೇಲೆ ರಿಪೇರಿ ತಿನ್ನುತ್ತಾ ಪಡಸಾಲೆಯಲ್ಲೇ ಉಳಿಯುತ್ತದೆ.

ಕೆಲಸದವರನ್ನು ಕರೆಯುವ ಮೊದಲು ಹತ್ತು ನಿಮಿಷದ ಪರೀಕ್ಷೆ ನೀವೇ ಮಾಡಬಹುದು. ಮೂರು ಸೀಟಿನ ಸೋಫಾದ ಮುಂದಿನ ಒಂದು ಕಾಲನ್ನು ಆರು ಇಂಚು ಎತ್ತಿ ಹಿಡಿಯಿರಿ. ಆ ಹೊತ್ತಿಗೆ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟಿದ್ದರೆ ಚೌಕಟ್ಟು ಗಟ್ಟಿ. ಅದು ನೆಲಕ್ಕೇ ಅಂಟಿಕೊಂಡಿದ್ದರೆ ಚೌಕಟ್ಟು ತಿರುಚುತ್ತಿದೆ, ಅಂದರೆ ಮೂಲೆಯ ಜೋಡಣೆ ಸಡಿಲ. ಆಮೇಲೆ ಸೋಫಾ ಮಗುಚಿ, ಅಡಿಯ ಕರಿ ಬಟ್ಟೆಯ ಪಿನ್ನುಗಳನ್ನು ಒಂದು ಬದಿಗೆ ಮಾತ್ರ ಕಿತ್ತು ಟಾರ್ಚ್ ಬಿಡಿ. ಕಟ್ಟಿಗೆ ಯಾವುದು, ಮೂಲೆಗಳಿಗೆ ತ್ರಿಕೋನದ ಆಸರೆ ತುಂಡು ಇದೆಯೇ, ಬರೀ ಮೊಳೆ ಹೊಡೆದು ಕೂರಿಸಿದ್ದಾರೆಯೇ ಎಲ್ಲವೂ ಕಾಣುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಕಾಲಿನ ಬುಡ ಮತ್ತು ಗೋಡೆಗೆ ತಾಗುವ ಹಿಂಬದಿಯ ಪಟ್ಟಿಯನ್ನು ಒತ್ತಿ ನೋಡಿ. ಬೆಳಗಾವಿಯ ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುವ ಮನೆಗಳಲ್ಲಿ ಮೊದಲು ಕೊಳೆಯುವುದು ಇವೇ ಎರಡು ಜಾಗ. ತುದಿ ಸರಾಗವಾಗಿ ಒಳಹೊಕ್ಕರೆ ಆ ತುಂಡು ಮುಗಿದಂತೆ.

ಮುಗಿದದ್ದು ಒಂದೋ ಎರಡೋ ತುಂಡಾದರೆ ಬಡಿಗೇರರು ಅಷ್ಟನ್ನೇ ಬದಲಿಸಿಕೊಡುತ್ತಾರೆ, ಸೋಫಾ ಉಳಿಯುತ್ತದೆ. ಮುಂದಿನ ಉದ್ದ ಪಟ್ಟಿಯೂ ಹಿಂದಿನ ಉದ್ದ ಪಟ್ಟಿಯೂ ಎರಡೂ ಹೋಗಿದ್ದರೆ ಹೊಸದು ತರುವುದೇ ಲೇಸು. ಭಾರ ಹೊರುವುದು ಅವೇ ಎರಡು. ಅವನ್ನು ಬದಲಿಸುವ ಹೊತ್ತಿಗೆ ಸೋಫಾವನ್ನು ಪೂರ್ತಿ ಬಿಚ್ಚಿ ಕಟ್ಟಿದಂತಾಗುತ್ತದೆ, ಕೂಲಿಯೂ ಅಷ್ಟೇ ಬೀಳುತ್ತದೆ.

ಹುಳದ ವಿಷಯದಲ್ಲಿ ಗಾಬರಿ ಬೇಡ, ಆದರೆ ಯಾವ ಹುಳ ಎಂದು ಗುರುತಿಸಬೇಕು. ಕಾಲಿನ ಹಿಂದೆ ಮಣ್ಣಿನ ಗೆರೆ ಏರಿದ್ದರೆ ಒರಲೆ. ಅದು ಬಂದದ್ದು ನೆಲದಿಂದ ಇಲ್ಲವೇ ಗೋಡೆಯಿಂದ. ಗೋಡೆಗೆ ಔಷಧಿ ಆಗದೆ ಹೊಸ ಸೋಫಾ ತಂದಿಟ್ಟರೆ ಅದಕ್ಕೂ ಅದೇ ಗತಿ. ಸೂಜಿಮೊನೆಯಷ್ಟು ತೂತು, ಕೆಳಗೆ ಗೋಧಿ ಹಿಟ್ಟಿನಂಥ ನುಣ್ಣನೆ ಪುಡಿ ಇದ್ದರೆ ಅದು ಕಟ್ಟಿಗೆ ಕೊರೆಯುವ ಹುಳ. ರಬ್ಬರ್ ಮರ ಮತ್ತು ಯಾವುದೇ ಮರದ ಹೊರಗಿನ ಬಿಳಿ ಭಾಗ ಅದಕ್ಕೆ ಬಲು ಇಷ್ಟ. ಸಾಗವಾನಿಯ ಕಂದು ತಿರುಳನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಆದರೆ ‘ಪೂರಾ ಸಾಗವಾನಿ’ ಎಂದು ಮಾರಿದ ಸೋಫಾದಲ್ಲಿ ಬಿಳಿ ಭಾಗ ಸೇರಿರುವುದು ಅಪರೂಪವೇನಲ್ಲ. ಪುಡಿ ಒರೆಸಿ, ಕೆಳಗೆ ಕರಿ ಕಾಗದ ಹಾಸಿ ಕೆಲವು ವಾರ ಬಿಡಿ. ಹೊಸ ಪುಡಿ ಬಿದ್ದರೆ ಹುಳ ಇನ್ನೂ ಒಳಗಿದೆ ಎಂದು ತಿಳಿಯಿರಿ. ಬೀಳದಿದ್ದರೆ ಬಹುಪಾಲು ಅವು ಹಳೆಯ ತೂತುಗಳು.

ಇನ್ನು ಸೇವೆಗೆ ಬರೋಣ. ಬಂದವರು ಸೋಫಾದ ಮೇಲೆ ಕೈಯಾಡಿಸಿ ಹೇಳುವ ಮೊದಲ ಮಾತು ಹೆಚ್ಚೂಕಡಿಮೆ ಇದೇ: ‘ಅಕ್ಕಾರ, ಒಳಗ ಎಲ್ಲಾ ಚಲೋ ಐತ್ರಿ, ಅರಿವಿ ಅಷ್ಟ ಹಾಕಿದ್ರ ಸಾಕ್ರಿ.’ ಅಡಿಯ ಬಟ್ಟೆ ಬಿಚ್ಚದೆ ಈ ಮಾತು ಹೇಳಿದವರಿಗೆ ಕೆಲಸ ಕೊಡಬೇಡಿ. ಸೀಟು ಕುಸಿದಿದ್ದರೆ ಕಾರಣ ಮೂರರಲ್ಲಿ ಒಂದು: ಫೋಮ್ ಸತ್ತಿದೆ, ಇಲಾಸ್ಟಿಕ್ ಪಟ್ಟಿ ಜಗ್ಗಿದೆ, ಇಲ್ಲವೇ ಹಾವಿನಂತೆ ಬಳುಕಿದ ಸ್ಪ್ರಿಂಗಿನ ಕ್ಲಿಪ್ಪು ಕಟ್ಟಿಗೆಯಿಂದ ಕಿತ್ತು ಬಂದಿದೆ. ಗಾದಿ ತೆಗೆದು ಬರೀ ಪಟ್ಟಿಗಳ ಮೇಲೆ ಅಂಗೈ ಊರಿ ಒತ್ತಿದರೆ ಗೊತ್ತಾಗುತ್ತದೆ. ಕೈ ಆಳಕ್ಕೆ ಇಳಿದು ಮೇಲೆ ಪುಟಿಯದಿದ್ದರೆ ಪಟ್ಟಿ ಹೋಗಿದೆ. ಅದರ ಮೇಲೆ ಎಂಥ ಹೊಸ ಫೋಮ್ ಇಟ್ಟರೂ ಕೆಲವೇ ತಿಂಗಳಲ್ಲಿ ಮತ್ತೆ ಅದೇ ತಗ್ಗು. ಪಟ್ಟಿ ಬದಲಿಸುವಾಗ ಉದ್ದಕ್ಕೂ ಅಡ್ಡಕ್ಕೂ ಚಾಪೆಯಂತೆ ಹೆಣೆಸಿ, ನಡುವಿನ ಸಂದು ಪಟ್ಟಿಯ ಅಗಲಕ್ಕಿಂತ ಹೆಚ್ಚಿರಬಾರದು. ಉದ್ದಕ್ಕೆ ಮಾತ್ರ ನಾಲ್ಕು ಎಳೆದು ಕೈತೊಳೆದುಕೊಳ್ಳುವುದು ಈ ಸೇವೆಯ ಮಾಮೂಲಿ ಕಳ್ಳದಾರಿ.

ಎರಡನೇ ಕಳ್ಳದಾರಿ ಫೋಮಿನಲ್ಲಿ. ಕೊಟೇಶನ್ನಿನಲ್ಲಿ ‘40 ಡೆನ್ಸಿಟಿ’ ಎಂದು ಬರೆದು, ಅರಿವಿಯೊಳಗೆ ಹೋಗುವುದು ಬೇರೆಯೇ ಇರುತ್ತದೆ. ಡೆನ್ಸಿಟಿ ಅಂದರೆ ಗಡಸುತನ ಅಲ್ಲ, ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕೆಜಿ ಎಂಬುದು. ಹಾಗಾಗಿ ಇದನ್ನು ಹಿಡಿಯಲು ತಜ್ಞರು ಬೇಡ, ಅಡುಗೆಮನೆಯ ತಕ್ಕಡಿ ಸಾಕು. 24 ಇಂಚು ಚೌಕ, 4 ಇಂಚು ದಪ್ಪದ ಒಂದು ಸೀಟಿನ ಫೋಮ್ 40ರದ್ದಾದರೆ ಸುಮಾರು ಒಂದೂವರೆ ಕೆಜಿ ತೂಗಬೇಕು. 32ರದ್ದು 1.2 ಕೆಜಿ. 850 ಗ್ರಾಂ ಆಸುಪಾಸಿಗೆ ನಿಂತರೆ ಅದು 23ರದ್ದು. ಬೆನ್ನಿಗೆ ನಡೆದೀತು, ಕೂರುವ ಜಾಗಕ್ಕೆ ಆಗುವುದಿಲ್ಲ. ಬೇರೆ ಅಳತೆಯದ್ದಾದರೆ ಇಂಚಿನಲ್ಲಿ ಉದ್ದ, ಅಗಲ, ದಪ್ಪ ಗುಣಿಸಿ 61,000ದಿಂದ ಭಾಗಿಸಿ, ಬಂದದ್ದನ್ನು ಡೆನ್ಸಿಟಿಯಿಂದ ಗುಣಿಸಿದರೆ ಕೆಜಿ ಸಿಗುತ್ತದೆ. ಒಂದು ಎಚ್ಚರ: ಬಣ್ಣಬಣ್ಣದ ಚೂರುಗಳನ್ನು ಅಂಟಿಸಿ ಒತ್ತಿದ ಫೋಮ್ ಇದಕ್ಕಿಂತ ಬಹಳ ಭಾರ ಇರುತ್ತದೆ. ಭಾರ ಇದೆ ಎಂದು ಅದನ್ನೇ ಮೇಲಿನ ಪದರಕ್ಕೆ ಒಪ್ಪಿದರೆ ಹಲಗೆ ಮೇಲೆ ಕೂತಂತೆ. ಅಡಿಗೆ ಒಂದಿಂಚು ಹಾಕಿದರೆ ಒಳ್ಳೆಯದೇ. ತೂಗಿ ನೋಡುತ್ತೇವೆ ಎಂದು ಮೊದಲೇ ಹೇಳಿಡಿ. ಆಗ ಬರುವ ಫೋಮೇ ಬೇರೆ.

ಹಳೆಯ ಫೋಮ್ ಹಳದಿಯಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಮೂಲೆ ಚಿವುಟಿದರೆ ರವೆಯಂತೆ ಉದುರುತ್ತಿದೆಯೇ, ನಾಲ್ಕಿಂಚಿನದು ಮೂರೂವರೆಗಿಂತ ಕೆಳಗಿಳಿದಿದೆಯೇ ನೋಡಿ. ಎರಡೂ ಇಲ್ಲವಾದರೆ ತಿರುವಿ ಹಾಕಿಸಿ, ಮೇಲೊಂದು ಪಾಲಿಫಿಲ್ (ಹತ್ತಿಯಂಥ ಮೆತ್ತನೆ ಪಾಲಿಯೆಸ್ಟರ್) ಪದರ ಸುತ್ತಿಸಿದರೆ ಸಾಕು. ದಪ್ಪ ಹೆಚ್ಚಿಸುವ ಆಸೆಗೆ ಬೀಳಬೇಡಿ. ನೆಲದಿಂದ ಸೀಟಿಗೆ 17–18 ಇಂಚು ಹೆಚ್ಚಿನವರಿಗೆ ಸರಿ, ಮಂಡಿನೋವಿನ ಹಿರಿಯರಿಗೆ ಇನ್ನೊಂದಿಂಚು ಜಾಸ್ತಿ ಇದ್ದರೆ ಏಳಲು ಸುಲಭ. ಅದಕ್ಕೂ ಮೇಲೆ ಹೋದರೆ ಕಾಲು ತೂಗಾಡುತ್ತವೆ.

ಅರಿವಿ ಬರುವುದು ಸಾಮಾನ್ಯವಾಗಿ 54 ಇಂಚು ಪನ್ನದಲ್ಲಿ, ಅಂದರೆ ಅಗಲದಲ್ಲಿ. ಬಿಡಿ ಗಾದಿಗಳಿರುವ 3+1+1 ಸೆಟ್ಟಿಗೆ ಸುಮಾರು 14ರಿಂದ 16 ಮೀಟರ್ ಹಿಡಿಯುತ್ತದೆ. ಪಟ್ಟೆ, ದೊಡ್ಡ ಹೂವಿನ ನಮೂನೆಯಾದರೆ ಜೋಡಿಸಲು ಒಂದೆರಡು ಮೀಟರ್ ಜಾಸ್ತಿ. 20 ಮೀಟರ್ ಕೇಳಿದರೆ ಯಾಕೆಂದು ಕೇಳಿ, ಉಳಿದ ತುಂಡು ವಾಪಸ್ ಕೊಡಬೇಕೆಂದು ಕೊಟೇಶನ್ನಿನಲ್ಲೇ ಬರೆಸಿ. ಅದೇ ಮುಂದೆ ಕೈಹಿಡಿ ಸವೆದಾಗ ತೇಪೆಗೆ ಬರುತ್ತದೆ. ಕೂಲಿ ಸೀಟಿನ ಲೆಕ್ಕ. ಅರಿವಿ, ಫೋಮ್, ಕೂಲಿ ಮೂರನ್ನೂ ಬೇರೆಬೇರೆ ಬರೆಸದ ಕೊಟೇಶನ್ ಕೊಟೇಶನ್ನೇ ಅಲ್ಲ. ಹಳೆಯ ಅರಿವಿಯ ಮೇಲೇ ಹೊಸದನ್ನು ಹೊಡೆಯಲು ಬಿಡಬೇಡಿ. ಪಿನ್ನು ಎರಡು ಪದರ ದಾಟಿ ಕಟ್ಟಿಗೆ ಹಿಡಿಯುವುದಿಲ್ಲ, ಹಳೆಯ ಬೂಷ್ಟಿನ ವಾಸನೆ ಮುಂದಿನ ಜುಲೈಗೆ ಮತ್ತೆ ಬರುತ್ತದೆ.

ರೆಕ್ಸಿನ್ ಬಗ್ಗೆ ನಮ್ಮ ಅಭಿಪ್ರಾಯ ಕಟು. ಚರ್ಮದಂತೆ ಕಾಣುವ ಮೆತ್ತನೆ ಪಿಯು ರೆಕ್ಸಿನ್‌ನ ಮೇಲ್ಪದರವನ್ನು ಗಾಳಿಯ ತೇವ ನಿಧಾನಕ್ಕೆ ಒಡೆಯುತ್ತದೆ. ಬಳಸದೆ ಮುಚ್ಚಿಟ್ಟರೂ ಕೆಲವು ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ. ಬಣ್ಣ ಬಳಿದು ಸರಿಮಾಡುತ್ತೇವೆ ಎನ್ನುವುದು ದುಡ್ಡು ನೀರಿಗೆ ಹಾಕುವ ಮಾತು. ಪಿವಿಸಿ ರೆಕ್ಸಿನ್ ತೇವ ತಡೆಯುತ್ತದೆ, ಆದರೆ ವಿಜಯಪುರದ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಕಿಟಕಿ ಪಕ್ಕ ಇಟ್ಟರೆ ಮೆದುತನ ಕೊಡುವ ಅಂಶ ಆರಿ ಬಿರುಸಾಗಿ ಸೀಳುತ್ತದೆ. ದಿನವೂ ಮಂದಿ ಕೂರುವ ಮನೆಗೆ ಒತ್ತಾಗಿ ನೇಯ್ದ ಬಟ್ಟೆಯೇ ಒಳ್ಳೆಯದು. ಮಾದರಿ ಪುಸ್ತಕದ ಹಿಂದೆ ಮಾರ್ಟಿಂಡೇಲ್ ಎಂದು ಒಂದು ಅಂಕಿ ಇರುತ್ತದೆ, ಎಷ್ಟು ಸಲ ಉಜ್ಜಿದರೂ ತಾಳುತ್ತದೆ ಎಂಬುದರ ಅಳತೆ. 25,000ಕ್ಕಿಂತ ಕಡಿಮೆಯದನ್ನು ಬಿಟ್ಟುಬಿಡಿ.

ಕೆಲವು ಸಂದರ್ಭದಲ್ಲಿ ಲೆಕ್ಕವೇ ಬೇಡ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಲ್ಲಿ ಆದಂತೆ ನೆರೆಯ ನೀರು ಹೊಕ್ಕು ಹೋದ ಸೋಫಾದ ಫೋಮ್, ಅರಿವಿ, ಗಾದಿ ಎಲ್ಲ ಎಸೆಯುವುದೇ. ರಾಡಿ ನೀರು ಫೋಮಿನ ಒಳಗಿಂದ ಪೂರ್ತಿ ಹೊರಬರುವುದಿಲ್ಲ. ಗಟ್ಟಿ ಕಟ್ಟಿಗೆಯ ಚೌಕಟ್ಟು ಮಾತ್ರ ತೊಳೆದು, ನೆರಳಲ್ಲಿ ಕೆಲವು ವಾರ ಒಣಗಿಸಿದರೆ ಉಳಿಯುತ್ತದೆ. ಬೇಗ ಆಗಲಿ ಎಂದು ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ.

ಕುಶನ್ ಕೆಲಸದವರು ಜೊತೆಗೆ ಬಡಿಗೇರರನ್ನೂ ಕರೆತಂದರೆ ಉಳಿದ ಸಾಮಾನುಗಳನ್ನೂ ತೋರಿಸಬಹುದು. ಪಾರ್ಟಿಕಲ್ ಬೋರ್ಡಿನ ಕಪಾಟಿನ ಬುಡ ನೀರು ಕುಡಿದು ಉಬ್ಬಿದ್ದರೆ ಅದು ಒಣಗಿದರೂ ಇಳಿಯುವುದಿಲ್ಲ. ಅಡಿ ಹಲಗೆಯಷ್ಟೇ ಆದರೆ ಪ್ಲೈವುಡ್ ಹಾಕಿಸಿ, ನಿಂತ ಹಲಗೆಗಳೇ ಉಬ್ಬಿದ್ದರೆ ಕಪಾಟು ಬದಲಿಸಿ. ಬಾಗಿಲು ಜೋತುಬಿದ್ದದ್ದು ಬರೀ ಬಿಜಾಗರಿಯ ಸ್ಕ್ರೂ ಹಿಡಿತ ತಪ್ಪಿದ್ದಕ್ಕಾದರೆ, ಬಿಜಾಗರಿಯನ್ನು ಎರಡಿಂಚು ಮೇಲೋ ಕೆಳಗೋ ಹೊಸ ಜಾಗದಲ್ಲಿ ಕೂರಿಸಿದರೆ ಆಯಿತು. ಅದೇ ತೂತಿಗೆ ಇನ್ನೂ ದಪ್ಪ ಸ್ಕ್ರೂ ಹಾಕಿದರೆ ಬೋರ್ಡು ಇನ್ನಷ್ಟು ಪುಡಿಯಾಗುತ್ತದೆ. ಪ್ಲೈವುಡ್ ತರುವಾಗ ಐಎಸ್‌ಐ ಗುರುತಿನ ಜೊತೆ 303 (ಸಾಮಾನ್ಯ ಬಳಕೆಯದರ ಮಾನಕ ಸಂಖ್ಯೆ) ಇದೆಯೋ 710 (ನೀರು ತಾಳುವುದರದ್ದು) ಇದೆಯೋ ನೋಡಿ. ತೇವದ ಗೋಡೆಗೆ 710. ಉಕ್ಕಿನ ಕಪಾಟನ್ನು ಅಡಿಯಲ್ಲಿ ಹೆಬ್ಬೆರಳಿಂದ ಒತ್ತಿ, ತಗಡು ಒಳಸರಿಯದಿದ್ದರೆ ತುಕ್ಕು ಕೆರೆದು ರೆಡ್ ಆಕ್ಸೈಡ್ ಹೊಡೆಸಿ ಸಾಕು.

ಎಕ್ಸ್‌ಚೇಂಜ್ ಎಂಬ ಆಮಿಷಕ್ಕೆ ಒಂದೇ ಮಾತು: ಹಳೆಯದು ಇದೆ ಎಂದು ಹೇಳದೆ ಮೊದಲು ಹೊಸದರ ಕಡೆಯ ದರ ಕೇಳಿ. ಆಮೇಲೆ ಹಳೆಯದರ ಮಾತು ತೆಗೆಯಿರಿ. ದರ ಮೇಲೇರಿದರೆ ನಿಮ್ಮ ಸೋಫಾಕ್ಕೆ ಅವರು ಕೊಟ್ಟದ್ದು ನಿಮ್ಮದೇ ದುಡ್ಡು. ರಿಪೇರಿಯ ಕೊಟೇಶನ್ ಅದೇ ಗುಣದ ಹೊಸ ಸೋಫಾದ ಅರ್ಧ ದರ ದಾಟಿದರೆ ಮಾತ್ರ ಹೊಸದರ ಕಡೆ ನೋಡಿ. ‘ಅದೇ ಗುಣದ’ ಎಂಬುದನ್ನು ಮರೆಯಬೇಡಿ. ಸಾಗವಾನಿಯ ರಿಪೇರಿಯನ್ನು ಪೈನ್ ಪಟ್ಟಿಯ ಹೊಸ ಸೋಫಾದ ಬೆಲೆಗೆ ಹೋಲಿಸಿಯೇ ಹೆಚ್ಚಿನವರು ತಪ್ಪುವುದು.

ಈ ಸೇವೆಗೆ ಐದನೇ ಅಂಕ ತಪ್ಪಿದ್ದು ಹೇಳಿದ ದಿನಕ್ಕೆ ಮುಗಿಸದ ಚಾಳಿಗೆ. ಅದರಲ್ಲಿ ಸ್ವಲ್ಪ ತಪ್ಪು ನಮ್ಮದೂ ಇದೆ, ಎಲ್ಲರೂ ಕರೆಯುವುದು ಒಂದೇ ಹೊತ್ತಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಟು ಬೇಗ ಒಣಗುವುದಿಲ್ಲ, ಕೈಹಿಡಿಗೆ ಹಚ್ಚಿದ ಪಾಲಿಶ್ ತೇವಕ್ಕೆ ಬಿಳಿಚಿಕೊಳ್ಳುತ್ತದೆ, ಉಬ್ಬಿ ಸಿಕ್ಕಿಕೊಂಡ ಡ್ರಾಯರನ್ನು ಆಗ ಹತ್ತರಿ ಹೊಡೆಸಿದರೆ ಬೇಸಿಗೆಯಲ್ಲಿ ಸಡಿಲವಾಗಿ ಆಡುತ್ತದೆ. ದಸರಾದಿಂದ ದೀಪಾವಳಿ ತನಕ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಸಂಕ್ರಾಂತಿ ಮುಗಿದು ಮದುವೆಯ ಗದ್ದಲ ಏರುವ ಮೊದಲು, ಜನವರಿ ಕೊನೆಯಿಂದ ಫೆಬ್ರುವರಿ ನಡುವೆ ಕರೆಸಿ; ಅಡಿಯ ಬಟ್ಟೆ ಬಿಚ್ಚಿ ತೋರಿಸಲು ಆಗ ಅವರಿಗೂ ಸಮಯ ಇರುತ್ತದೆ.